ಅಪ್ಪಣೆ ಕೊಡದವರ ಮಾತು: ಒತ್ತೆಯಾಳು ಸಂಧಾನ ಮತ್ತು ಅದರ ತರಬೇತಿ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯವೋ ಇತಿಹಾಸವೋ ವಿಷಯವಾಗುವುದು ರೂಢಿ. ಪೊಲೀಸರ ಒಂದು ಕಸುಬಿನ ಬಗ್ಗೆ ಮಾತಾಡುತ್ತೇನೆಂದು ನಾನು ಹೇಳಿದಾಗಲೂ ಸಂಘಟಕರು ಒಪ್ಪಿದರು. ಬಹುಕಾಲ ಮನಃಶಾಸ್ತ್ರ ಪಾಠ ಹೇಳಿದವನು ನಾನು. ಆ ಪಾಠ ಹೇಳುತ್ತ ಪೊಲೀಸ್ ತರಬೇತಿಯ ತರಗತಿಗಳಿಗೂ ಹೋದವನು. ಯಾರನ್ನೋ ಒತ್ತೆಯಿಟ್ಟುಕೊಂಡು ಬಾಗಿಲು ಹಾಕಿಕೊಂಡವನ ಜೊತೆ ಮಾತಾಡಿ, ಒಳಗಿನ ಜೀವಗಳನ್ನು ಹೊರಗೆ ಕರೆತರುವವರನ್ನು ಹೇಗೆ ತಯಾರು ಮಾಡುತ್ತಾರೆ ಎಂಬುದು ಇಂದಿನ ನನ್ನ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇಂಥ ಸಂಕಟ ಬಂದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, "ದೊಡ್ಡವರನ್ನು ಕರೆಸಿ." ಶಾಸಕರು ಬರಲಿ, ಎಸ್‌ಪಿ ಬರಲಿ, ಮಂತ್ರಿಗಳೇ ಬಂದು ಭರವಸೆ ಕೊಡಲಿ. ಕಳೆದ ಐವತ್ತು ವರ್ಷಗಳಲ್ಲಿ ರೂಪುಗೊಂಡ ಈ ಕಸುಬು ಹೇಳುವುದು ತದ್ವಿರುದ್ಧವಾದ ಮಾತನ್ನು. ಬಾಗಿಲ ಬಳಿ ಮಾತಾಡುವವನ ಕೈಯಲ್ಲಿ ಏನನ್ನೂ ಕೊಡುವ ಅಧಿಕಾರ ಇರಬಾರದು. ಅಧಿಕಾರ ಇಲ್ಲದಿರುವುದೇ ಅವನ ಬಲ. ಆ ಬಲವನ್ನು ಬಳಸಲು ಕಲಿಸುವುದೇ ತರಬೇತಿ.

ನೆತ್ತರು ಹರಿದ ಮೇಲಿನ ಪಾಠ

ಈ ಕಸುಬು ಹುಟ್ಟಿದ್ದು ಮೂರು ಸೋಲುಗಳಿಂದ. ಮೊದಲನೆಯದು 1971ರ ಸೆಪ್ಟೆಂಬರ್‌ನಲ್ಲಿ. ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲಿನಲ್ಲಿ ಕೈದಿಗಳು ದಂಗೆಯೆದ್ದು ಸಿಬ್ಬಂದಿಯನ್ನು ಒತ್ತೆಯಿಟ್ಟುಕೊಂಡರು. ನಾಲ್ಕು ದಿನ ಮಾತುಕತೆ ನಡೆಯಿತು. ಪತ್ರಕರ್ತರು, ವಕೀಲರು, ಜನಪ್ರತಿನಿಧಿಗಳು ಸೇರಿದ ವೀಕ್ಷಕರ ತಂಡ ಒಳಗೂ ಹೊರಗೂ ಓಡಾಡಿತು. ಆದರೆ ಸರ್ಕಾರದ ಪರವಾಗಿ ನಿಜಕ್ಕೂ ಯಾರು ಮಾತಾಡುತ್ತಿದ್ದಾರೆ ಎಂಬುದೇ ಸ್ಪಷ್ಟವಿರಲಿಲ್ಲ. 13ರ ಬೆಳಿಗ್ಗೆ ಪೊಲೀಸರು ಗುಂಡು ಹಾರಿಸುತ್ತ ನುಗ್ಗಿದರು. 29 ಕೈದಿಗಳೂ ಒತ್ತೆಯಲ್ಲಿದ್ದ 10 ಮಂದಿಯೂ ಸತ್ತರು. ಕೈದಿಗಳೇ ಒತ್ತೆಯಾಳುಗಳ ಕತ್ತು ಕೊಯ್ದರೆಂದು ಮೊದಲು ಸುದ್ದಿ ಹಬ್ಬಿತ್ತು. ಶವಪರೀಕ್ಷೆಯಾದಾಗ ಆ ಹತ್ತೂ ಜನ ಸತ್ತದ್ದು ಪೊಲೀಸರ ಗುಂಡಿಗೇ ಎಂದು ಗೊತ್ತಾಯಿತು.

ಎರಡನೆಯದು ಮೂರು ವಾರದೊಳಗೇ, ಅಕ್ಟೋಬರ್ 4ರಂದು, ಫ್ಲಾರಿಡಾದ ಜ್ಯಾಕ್ಸನ್‌ವಿಲ್ ವಿಮಾನ ನಿಲ್ದಾಣದಲ್ಲಿ ನಡೆಯಿತು. ದೂರವಾಗಿದ್ದ ಹೆಂಡತಿಯನ್ನು ಬಲವಂತವಾಗಿ ಎಳೆದುಕೊಂಡು ಬಂದ ಒಬ್ಬ ಗಂಡ, ಬಾಡಿಗೆಯ ಸಣ್ಣ ವಿಮಾನವೊಂದನ್ನು ಅಪಹರಿಸಿ ಇಂಧನಕ್ಕೆಂದು ಅಲ್ಲಿ ಇಳಿಸಿದ್ದ. ಸಹಪೈಲಟ್ ಮಾತಾಡಲೆಂದು ಕೆಳಗಿಳಿದು ಬಂದ. ಅಪಹರಣಕಾರನ ಜೊತೆಗಾರನೂ ಇಳಿದು ಬಂದ. ಒಳಗಿದ್ದವರ ಸಂಖ್ಯೆ ತಾನಾಗಿ ಇಳಿಯುತ್ತಿತ್ತು ಎನ್ನುವಾಗ ಎಫ್‌ಬಿಐ ಅಧಿಕಾರಿ ತಾಳ್ಮೆಗೆಟ್ಟು ವಿಮಾನದ ಟೈರುಗಳಿಗೆ ಗುಂಡು ಹಾರಿಸಲು ಹೇಳಿದ. ಒಳಗಿದ್ದವನು ಪೈಲಟ್‌ನನ್ನೂ ಹೆಂಡತಿಯನ್ನೂ ಕೊಂದು ತಾನೂ ಗುಂಡು ಹಾರಿಸಿಕೊಂಡ. ಪೈಲಟ್‌ನ ಪತ್ನಿ ಸರ್ಕಾರದ ವಿರುದ್ಧ ದಾವೆ ಹೂಡಿದರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಎಫ್‌ಬಿಐಯದೇ ನಿರ್ಲಕ್ಷ್ಯ ಎಂದು ತೀರ್ಪಿತ್ತಿತು. ಕಾದು ಮಾತಾಡುವ ದಾರಿ ಇದ್ದಾಗ ಬಲಪ್ರಯೋಗಕ್ಕೆ ಆತುರಪಡುವುದು ತಪ್ಪೆಂದು ನ್ಯಾಯಾಲಯವೇ ಹೇಳಿದ್ದರಿಂದ, ಅಮೆರಿಕದ ಪೊಲೀಸರಿಗೆ ತಾಳ್ಮೆ ಎನ್ನುವುದು ಬರೀ ಒಳ್ಳೆಯ ಗುಣವಾಗಿ ಉಳಿಯದೆ ಕಾನೂನಿನ ಹೊಣೆಯೂ ಆಯಿತು.

ಮೂರನೆಯದು ಎಲ್ಲರಿಗೂ ಗೊತ್ತಿರುವ ಮ್ಯೂನಿಕ್. 1972ರ ಸೆಪ್ಟೆಂಬರ್ 5ರಂದು ಒಲಿಂಪಿಕ್ ಗ್ರಾಮಕ್ಕೆ ನುಗ್ಗಿದ ಎಂಟು ಜನ ಶಸ್ತ್ರಧಾರಿಗಳು ಇಸ್ರೇಲಿ ತಂಡದ ಇಬ್ಬರನ್ನು ಕೊಂದು ಒಂಬತ್ತು ಮಂದಿಯನ್ನು ಹಿಡಿದಿಟ್ಟುಕೊಂಡರು. ಮಾತಾಡಲು ಹೋದವರು ನಗರದ ಪೊಲೀಸ್ ಮುಖ್ಯಸ್ಥ ಮತ್ತು ರಾಜ್ಯ, ಕೇಂದ್ರಗಳ ಇಬ್ಬರು ಒಳಾಡಳಿತ ಸಚಿವರು. ಅವರಲ್ಲಿ ಒಬ್ಬರು ಮುಂದೆ ಬಹುಕಾಲ ವಿದೇಶಾಂಗ ಸಚಿವರಾಗಿದ್ದ ಗೆನ್ಷರ್. ಒತ್ತೆಯಾಳುಗಳ ಬದಲಿಗೆ ತಮ್ಮನ್ನೇ ಇಟ್ಟುಕೊಳ್ಳಿ ಎಂದೂ ಅವರು ಹೇಳಿದರು. ಅದು ಧೈರ್ಯದ ಮಾತು, ಆದರೆ ಸಂಧಾನ ಅದಲ್ಲ. ಛಾವಣಿಯ ಮೇಲೆ ಪೊಲೀಸರು ಸಜ್ಜಾಗುತ್ತಿದ್ದದ್ದು ಟಿವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು. ಒಳಗಿದ್ದವರ ಕೋಣೆಯಲ್ಲೂ ಟಿವಿ ಇತ್ತು. ಕೊನೆಗೆ ಫುರ್ಸ್ಟೆನ್‌ಫೆಲ್ಡ್‌ಬ್ರುಕ್ ವಾಯುನೆಲೆಯಲ್ಲಿ ಎಂಟು ಜನರ ಎದುರು ಐದೇ ಗುರಿಕಾರರನ್ನು ನಿಲ್ಲಿಸಿದ್ದರು, ಅವರ ನಡುವೆ ಸಂಪರ್ಕಕ್ಕೆ ರೇಡಿಯೋ ಕೂಡ ಇರಲಿಲ್ಲ. ಒಂಬತ್ತೂ ಒತ್ತೆಯಾಳುಗಳು ಸತ್ತರು.

ಮ್ಯೂನಿಕ್‌ನ ಸುದ್ದಿ ಓದಿದ ನ್ಯೂಯಾರ್ಕ್ ಪೊಲೀಸರಿಗೆ ತಮ್ಮ ಊರಿನಲ್ಲಿ ಹೀಗಾದರೆ ಏನು ಗತಿ ಎಂಬ ಪ್ರಶ್ನೆ ಕಾಡಿತು. ಅವರಲ್ಲಿ ಹಾರ್ವಿ ಷ್ಲಾಸ್‌ಬರ್ಗ್ ಎಂಬ ಪತ್ತೇದಾರ ಇದ್ದ. ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದವನು. ಅವನೂ ಫ್ರ್ಯಾಂಕ್ ಬೋಲ್ಜ್ ಎಂಬ ಅಧಿಕಾರಿಯೂ ಸೇರಿ ಪೊಲೀಸ್ ಇಲಾಖೆಯೊಂದರ ಮೊದಲ ಸಂಧಾನ ತಂಡ ಕಟ್ಟಿದರು. ಅದರ ಧ್ಯೇಯವಾಕ್ಯ ತೀರಾ ಸರಳ: "ನನ್ನ ಜೊತೆ ಮಾತಾಡು." 1973ರ ಜನವರಿಯಲ್ಲಿ ಬ್ರೂಕ್ಲಿನ್‌ನ ಕ್ರೀಡಾ ಸಾಮಗ್ರಿ ಅಂಗಡಿಯೊಂದಕ್ಕೆ ಬಂದೂಕು ದೋಚಲು ನುಗ್ಗಿದ ನಾಲ್ವರು ಗಿರಾಕಿಗಳನ್ನು ಒತ್ತೆಯಿಟ್ಟುಕೊಂಡರು. ಒಬ್ಬ ಪೊಲೀಸ್ ಅಧಿಕಾರಿ ಗುಂಡಿಗೆ ಬಲಿಯಾದ. ಸಹೋದ್ಯೋಗಿ ಸತ್ತ ಮೇಲೂ ಪೊಲೀಸರು ನುಗ್ಗಲಿಲ್ಲ. ಅಂಗಡಿ ಸುತ್ತ ಕಾವಲು ಹಾಕಿ ಕಾದರು. ಒತ್ತೆಯಾಳುಗಳು ಮಾಡಿನ ದಾರಿಯಲ್ಲಿ ತಪ್ಪಿಸಿಕೊಂಡರು. ಸುಮಾರು 47 ಗಂಟೆಗಳ ನಂತರ ನಾಲ್ವರೂ ಹೊರಬಂದರು. ಸಿಟ್ಟು ಬಂದಾಗಲೂ ಕಾಯಬಹುದು ಎಂದು ಪೊಲೀಸರಿಗೇ ಮನದಟ್ಟಾದದ್ದು ಅಲ್ಲಿ. ಅದೇ ವರ್ಷ ಎಫ್‌ಬಿಐ ಕ್ವಾಂಟಿಕೋದ ತನ್ನ ಅಕಾಡೆಮಿಯಲ್ಲಿ ಸಂಧಾನದ ತರಬೇತಿ ಶುರುಮಾಡಿತು.

ಒಳಗಿರುವವನು ಯಾರು?

ತರಬೇತಿಯ ಮೊದಲ ಪಾಠ ಬಾಗಿಲಾಚೆ ಇರುವವನನ್ನು ಗುರುತಿಸುವುದು. ಸಿನಿಮಾ ನೋಡಿದ ನಮಗೆ ಒತ್ತೆಯಿಡುವವನೆಂದರೆ ಲೆಕ್ಕಾಚಾರದ ಖದೀಮ: ಹಣ ಕೊಡಿ, ವಿಮಾನ ಕೊಡಿ, ಜೈಲಿನಲ್ಲಿರುವವರನ್ನು ಬಿಡಿ ಎನ್ನುವವನು. ಅಂಥವರು ಇದ್ದಾರೆ. ಅವರಿಗೆ ಒತ್ತೆಯಾಳು ಒಂದು ಸರಕು. ಆದರೆ ಪೊಲೀಸರಿಗೆ ದಿನನಿತ್ಯ ಎದುರಾಗುವವರಲ್ಲಿ ಹೆಚ್ಚಿನವರು ಬೇರೆಯವರು. ಕೆಲಸ ಕಳೆದುಕೊಂಡವನು, ಹೆಂಡತಿ ತವರಿಗೆ ಹೋದಳೆಂದು ಮಗುವನ್ನು ಒಳಗೆ ಹಾಕಿಕೊಂಡು ಚಿಲಕ ಜಡಿದವನು, ಕುಡಿತದ ಅಮಲಿನಲ್ಲಿ ಕತ್ತಿ ಹಿಡಿದವನು, ಸಾಯಲು ನಿರ್ಧರಿಸಿ ಜೊತೆಗೆ ಇನ್ನೊಬ್ಬರನ್ನೂ ಎಳೆದುಕೊಂಡವನು. ಇವನಿಗೆ ನಿಜವಾದ ಬೇಡಿಕೆಯೇ ಇರುವುದಿಲ್ಲ. ಒಳಗಿರುವ ವ್ಯಕ್ತಿ ಇವನಿಗೆ ಚೌಕಾಸಿಯ ಸರಕಲ್ಲ. ಇವನ ನೋವಿಗೋ ಸಿಟ್ಟಿಗೋ ಗುರಿ. ಇಂಥವನ ಎದುರು "ನಿನಗೇನು ಬೇಕು ಹೇಳು" ಎಂದು ಕೂತರೆ, ಇಲ್ಲದ ಬೇಡಿಕೆಯನ್ನು ನಾವೇ ಹುಟ್ಟಿಸಿದಂತೆ.

ಹಾಗಾಗಿ ಈ ತಂಡಗಳು ಮೊದಲು ಕಲಿಯುವುದು ಚೌಕಾಸಿಯನ್ನಲ್ಲ, ಕುದಿಯುತ್ತಿರುವ ಮನಸ್ಸು ತಣಿಯುವವರೆಗೆ ಜೊತೆಗಿರುವುದನ್ನು. ಕಾಲ ಸರಿದಂತೆ ಉದ್ವೇಗ ಇಳಿಯುತ್ತದೆ, ಯೋಚನೆ ಮರಳುತ್ತದೆ. ಹಸಿವು, ನಿದ್ದೆ, ಬಹಿರ್ದೆಸೆ ಎಲ್ಲವೂ ಕಾಡತೊಡಗುತ್ತವೆ. ಒಳಗಿನ ವಿವರಗಳೂ ಒಂದೊಂದಾಗಿ ಹೊರಗಿನವರಿಗೆ ಸಿಗುತ್ತವೆ. ಹೊರಗಿನವರ ಮಟ್ಟಿಗೆ ಕಾಲಕ್ಷೇಪವೂ ಕೆಲಸವೇ.

ತರಗತಿಯ ಒಳಗೆ

ಎಫ್‌ಬಿಐಯ ರಾಷ್ಟ್ರೀಯ ತರಬೇತಿ ಎರಡು ವಾರದ್ದು, ಸುಮಾರು 80 ಗಂಟೆ. ಸ್ಥಳೀಯ ಪೊಲೀಸರಿಗೆ ಅಮೆರಿಕದ ಸಂಧಾನಕಾರರ ಸಂಘಗಳು ಕನಿಷ್ಠ 40 ಗಂಟೆಯ ಪ್ರಾಥಮಿಕ ತರಬೇತಿಯನ್ನೂ ಆಮೇಲೆ ಪ್ರತಿವರ್ಷ ಮರುತರಬೇತಿಯನ್ನೂ ಸೂಚಿಸುತ್ತವೆ. ಈ ಗಂಟೆಗಳಲ್ಲಿ ಕಾನೂನು, ಮಾನಸಿಕ ಕಾಯಿಲೆಗಳ ಲಕ್ಷಣ, ಹಳೆಯ ಪ್ರಕರಣಗಳು ಎಲ್ಲವೂ ಬರುತ್ತವೆ. ಆದರೆ ಹೆಚ್ಚು ಹೊತ್ತು ಹೋಗುವುದು ಕೇಳುವ ಅಭ್ಯಾಸಕ್ಕೆ.

ಕೇಳುವುದನ್ನು ಕಲಿಸಬೇಕೇ ಎಂದು ನಿಮಗೆ ಅನ್ನಿಸಬಹುದು. ಪೊಲೀಸರಿಗೆ ಕಲಿಸಲೇಬೇಕು. ಪ್ರಶ್ನೆ ಹಾಕಿ ಉತ್ತರ ಕಕ್ಕಿಸುವುದು, ಆದೇಶ ಕೊಟ್ಟು ಪಾಲನೆ ನೋಡುವುದು ಅವರ ವೃತ್ತಿಯ ಅಭ್ಯಾಸ. ಕ್ವಾಂಟಿಕೋದಲ್ಲಿ ರೂಪಿಸಿದ ಪಾಠದಲ್ಲಿ ಐದು ಮೆಟ್ಟಿಲುಗಳಿವೆ: ಗಮನವಿಟ್ಟು ಕೇಳುವುದು, ಅವನ ಜಾಗದಲ್ಲಿ ನಿಂತು ಅರ್ಥಮಾಡಿಕೊಳ್ಳುವುದು, ವಿಶ್ವಾಸ ಬೆಳೆಸುವುದು, ಪ್ರಭಾವ ಬೀರುವುದು, ನಡೆ ಬದಲಾಗುವುದು. ಎಲ್ಲರೂ ಮಾಡುವ ತಪ್ಪು ಮೊದಲ ಮೂರನ್ನು ಹಾರಿ ನೇರವಾಗಿ ನಾಲ್ಕನೆಯದಕ್ಕೆ ಕಾಲಿಡುವುದು. "ಹೆಂಡತಿ ಮಕ್ಕಳ ಮುಖ ನೋಡಿ ಬಾ" ಎಂದು ಮೊದಲ ನಿಮಿಷದಲ್ಲೇ ಬುದ್ಧಿ ಹೇಳುವುದು. ಹೆಂಡತಿಯ ಮೇಲಿನ ಸಿಟ್ಟಿಗೇ ಅವನು ಒಳಗೆ ಕೂತಿರಬಹುದು!

ಕೇಳುವುದಕ್ಕೆ ಇರುವ ಉಪಾಯಗಳು ಚಿಕ್ಕವು. ಹೂಂಗುಟ್ಟುವುದು. ಅವನ ಕೊನೆಯ ಎರಡು ಮಾತನ್ನು ಹಾಗೆಯೇ ಮರಳಿ ಹೇಳುವುದು. ಹೌದು-ಇಲ್ಲ ಎಂದು ಮುಗಿದುಹೋಗದ ಪ್ರಶ್ನೆ ಕೇಳುವುದು. ಅವನ ದನಿಯಲ್ಲಿರುವ ಭಾವವನ್ನು ಹೆಸರಿಟ್ಟು ಹೇಳುವುದು. ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ "ಹೀಗೇ ತಾನೆ?" ಎಂದು ಒಪ್ಪಿಗೆ ಪಡೆಯುವುದು. ಎಲ್ಲಕ್ಕಿಂತ ಕಷ್ಟದ್ದು, ಸುಮ್ಮನಿರುವುದು.

ತರಗತಿಯಲ್ಲಿ ನಾವು ಕೊಡುತ್ತಿದ್ದ ಒಂದು ಸನ್ನಿವೇಶ ಹೇಳುತ್ತೇನೆ. ಜಮೀನು ಹೋದವನೊಬ್ಬ ಪರಿಹಾರ ಸಿಗದೆ ಮೊಬೈಲ್ ಟವರ್ ಏರಿದ್ದಾನೆ. ತರಬೇತಿಗೆ ಬಂದವರು ಬಹುಮಟ್ಟಿಗೆ ಶುರುಮಾಡುತ್ತಿದ್ದದ್ದು ಹೀಗೆ: "ಏಯ್, ಇಳಿಯೋ ಕೆಳಗೆ. ಏನೂ ಮಾಡಲ್ಲ ಬಾ. ನಿನ್ನ ಕೆಲಸ ಮಾಡಿಸಿಕೊಡ್ತೀವಿ." ಮೂರು ವಾಕ್ಯ, ಮೂರು ತಪ್ಪು. ಮೊದಲನೆಯದು ಆದೇಶ, ಅದೂ ಏಕವಚನದಲ್ಲಿ. ಎರಡನೆಯದು ಅವನು ನಂಬದ ಮಾತು. ಮೂರನೆಯದು ಹೇಳಿದವನ ಕೈಯಲ್ಲಿ ಇಲ್ಲದ ಭರವಸೆ. ಒಂದಷ್ಟು ದಿನ ಅಭ್ಯಾಸವಾದ ಮೇಲೆ ಅದೇ ಮನುಷ್ಯ ಹೀಗೆ ಶುರುಮಾಡುತ್ತಿದ್ದ: "ಅಣ್ಣಾ, ನಾನು ಠಾಣೆಯಿಂದ ಬಂದಿದೀನಿ. ನಿಮ್ಮ ಮಾತು ಕೇಳೋಣ ಅಂತ ಬಂದೆ. ಏನಾಯ್ತು ಹೇಳಿ." ಮೇಲಿನವನು ಆಫೀಸಿಗೆ ಅಲೆದ ಕಥೆ ಹೇಳಿದಾಗ, "ಅಲ್ಲಪ್ಪ, ಅದಕ್ಕೆ ಹೀಗೆ ಮಾಡೋದಾ?" ಎನ್ನುವ ಬದಲು, "ಅಷ್ಟು ಸಲ ಅಲೆದರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ರೋಸಿಹೋಗಿದೀರಿ." ಇಲ್ಲಿ ಒಪ್ಪಿಕೊಂಡದ್ದು ಅವನ ಬೇಡಿಕೆಯನ್ನಲ್ಲ, ಅವನ ರೋಸಿಕೆಯನ್ನು. ಅಧಿಕಾರ ಇಲ್ಲದವರೂ ಕೊಡಬಹುದಾದದ್ದು ಅದೊಂದೇ, ಅವನಿಗೆ ಮೊದಲು ಬೇಕಾದದ್ದೂ ಅದೇ.

ಇನ್ನು ಕೆಲವು ಪಾಠಗಳು ನಮ್ಮ ಸಹಜ ಬುದ್ಧಿಗೆ ವಿರುದ್ಧವಾಗಿ ಕಾಣುತ್ತವೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಎಷ್ಟೋ ಸಲ ಆ ಪ್ರಶ್ನೆಯಿಂದ ಎದೆಯ ಭಾರವೇ ಇಳಿಯುತ್ತದೆ. ಅವನು ಗಡುವು ಕೊಟ್ಟರೆ ಅದನ್ನು ನಾವು ನೆನಪಿಸಬಾರದು. ಆ ಹೊತ್ತಿನಲ್ಲಿ ಮಾತು ಮುಂದುವರಿಸಿ ಗಡುವನ್ನು ದಾಟಿಸಬೇಕು. ಏನೇ ಕೊಟ್ಟರೂ ಬದಲಿಗೆ ಏನಾದರೂ ಕೇಳಬೇಕು. ಊಟ ಕಳಿಸಿದರೆ ಒಂದು ಮಗುವನ್ನಾದರೂ ಹೊರಗೆ ಕಳಿಸು ಎನ್ನಬೇಕು. ಒಳಗಿರುವವರನ್ನು ಹೆಸರು ಹಿಡಿದು ಕರೆಯಬೇಕು, ಅವರು ಅವನ ಕಣ್ಣಿಗೆ ಮನುಷ್ಯರಾಗಿ ಕಾಣುತ್ತಿರಬೇಕು. "ಶರಣಾಗು" ಎನ್ನದೆ "ಹೊರಗೆ ಬಾ" ಎನ್ನಬೇಕು. ಸೋತೆ ಎಂಬ ಭಾವವಿಲ್ಲದೆ ಬರಲು ದಾರಿ ಇರಬೇಕು. ಆಯುಧ ಕೊಡುವಂತಿಲ್ಲ, ಒಬ್ಬ ಒತ್ತೆಯಾಳಿಗೆ ಬದಲಾಗಿ ಇನ್ನೊಬ್ಬರನ್ನು ಕಳಿಸುವಂತಿಲ್ಲ. ಈ ಕೊನೆಯ ನಿಯಮದ ಹಿಂದೆ ಮ್ಯೂನಿಕ್‌ನಂಥ ಅನುಭವಗಳ ನೆನಪಿದೆ.

ಇದೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಅದಕ್ಕೇ ತರಬೇತಿಯ ಪ್ರಾಣ ಎಂದರೆ ಅಭಿನಯಿಸಿ ಕಲಿಯುವುದು. ಒಳಗಿನವನ ಪಾತ್ರಕ್ಕೆ ಪಳಗಿದವರನ್ನು ಕೂರಿಸಿ, ಅವರು ಬೈಯುತ್ತ, ಅಳುತ್ತ, ಫೋನ್ ಕುಕ್ಕುತ್ತ ಇರುವಾಗ ಕಲಿಯುವವನು ಗಂಟೆಗಟ್ಟಲೆ ನಿಭಾಯಿಸಬೇಕು. ತಾಳಮದ್ದಲೆ ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಬರೆದಿಟ್ಟ ಮಾತಿಲ್ಲ, ಎದುರಾಳಿ ಮುಂದೆ ಏನು ಹೇಳುತ್ತಾನೋ ಗೊತ್ತಿಲ್ಲ, ಆದರೂ ಪ್ರಸಂಗದ ಚೌಕಟ್ಟು ಮೀರುವಂತಿಲ್ಲ. ಒಂದು ಮುಖ್ಯ ವ್ಯತ್ಯಾಸ ಇದೆ. ಕೃಷ್ಣಸಂಧಾನದ ಅರ್ಥಧಾರಿ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಇಲ್ಲಿ ವಾದದಲ್ಲಿ ಗೆದ್ದವನು ಪ್ರಕರಣದಲ್ಲಿ ಸೋಲುತ್ತಾನೆ.

ಈ ಕೆಲಸ ಒಬ್ಬನದ್ದಲ್ಲ. ಮಾತಾಡುವವನ ಪಕ್ಕ ಇನ್ನೊಬ್ಬರು ಕೂತು ಕೇಳಿಸಿಕೊಳ್ಳುತ್ತ ಚೀಟಿ ಬರೆದು ಸರಿಸುತ್ತಾರೆ: "ಮಗಳ ಹೆಸರು ಎತ್ತಿದ, ಅದನ್ನು ಹಿಡಿ", "ನೀನು ಜಾಸ್ತಿ ಮಾತಾಡ್ತಿದೀಯ." ಮೂರನೆಯವರು ಅವನ ಮನೆಯವರು, ಗೆಳೆಯರು, ವೈದ್ಯರಿಂದ ವಿವರ ಕಲೆಹಾಕುತ್ತಾರೆ. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಗಳಲ್ಲಿ ಕೊಟ್ಟ ಮಾತು, ಗಡುವು, ಎತ್ತಬಾರದ ವಿಷಯ ಎಲ್ಲ ದಾಖಲಾಗುತ್ತವೆ. ಮನೋವೈದ್ಯರು ಸಲಹೆ ಕೊಡಲು ಇರುತ್ತಾರೆ, ಸಾಮಾನ್ಯವಾಗಿ ಅವರೇ ಫೋನ್ ಹಿಡಿಯುವುದಿಲ್ಲ. ತಾಯಿಯನ್ನೋ ಹೆಂಡತಿಯನ್ನೋ ಕರೆತಂದು ಮಾತಾಡಿಸುವ ಸಿನಿಮಾ ಉಪಾಯಕ್ಕೂ ಎಚ್ಚರ ಬೇಕು. ಅವನು ಸಾಯುವ ಮೊದಲು ಯಾರಿಗೋ ವಿದಾಯ ಹೇಳಲು, ಅಥವಾ ಯಾರ ಕಣ್ಣೆದುರೋ ಸತ್ತು ಪಾಠ ಕಲಿಸಲು ಕಾಯುತ್ತಿರಬಹುದು.

ಮಾತಾಡುವವನು ಮತ್ತು ತೀರ್ಮಾನಿಸುವವನು

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಈ ಕಸುಬಿನ ಮೂಲ ನಿಯಮ: ತೀರ್ಮಾನಿಸುವವನು ಮಾತಾಡಬಾರದು, ಮಾತಾಡುವವನು ತೀರ್ಮಾನಿಸಬಾರದು. ಕಾರಣ ಸರಳ. ಎಸ್‌ಪಿಯವರೇ ಫೋನ್ ಹಿಡಿದರೆ, "ಕಾರು ಕೊಡಿ" ಎಂದಾಗ ಅವರು ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು. ಎರಡೂ ಅಪಾಯವೇ. ಅಧಿಕಾರ ಇಲ್ಲದವನು, "ನನ್ನ ಕೈಲಿಲ್ಲ, ಮೇಲಿನವರನ್ನು ಕೇಳಿ ಬರ್ತೀನಿ" ಎನ್ನಬಹುದು. ಅದು ನಿಜವೂ ಹೌದು, ಸಮಯವನ್ನೂ ತಂದುಕೊಡುತ್ತದೆ. ಅರ್ಧ ಗಂಟೆ ಬಿಟ್ಟು ಬಂದು, "ಅವರು ಒಪ್ಪುತ್ತಿಲ್ಲ, ನಾನು ಮತ್ತೆ ಹೇಳಿ ನೋಡ್ತೀನಿ" ಎಂದಾಗ ಅವನು ಒಳಗಿನವನ ಪರವಾಗಿ ಓಡಾಡುವವನಂತೆ ಕಾಣುತ್ತಾನೆ. ದೊಡ್ಡವರಿಗೆ ಈ ಅನುಕೂಲ ಇಲ್ಲ. ಅವರ ಮೇಲೆ ಕೇಳಲು ಯಾರೂ ಇಲ್ಲ.

1993ರ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫೆಬ್ರವರಿ 11ರಂದು ಅಪಹರಣಕ್ಕೊಳಗಾದ ಲುಫ್ತಾನ್ಸಾ ವಿಮಾನ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ನ್ಯೂಯಾರ್ಕ್‌ನಲ್ಲಿ ಇಳಿಯಿತು. ನಗರ ಪೊಲೀಸ್ ತಂಡದ ಡಾಮಿನಿಕ್ ಮಿಸಿನೋ ರೇಡಿಯೋದಲ್ಲಿ ಮಾತಾಡುತ್ತ ಹೋದ. ಕೊನೆಗೆ ಅಪಹರಣಕಾರ ತನ್ನ ಪಿಸ್ತೂಲು ಬಿಟ್ಟುಕೊಡಲು ಒಪ್ಪಿದ್ದು ಕ್ಯಾಪ್ಟನ್‌ನ ತಂಪು ಕನ್ನಡಕಕ್ಕೆ ಬದಲಾಗಿ! ಯಾರಿಗೂ ಕೂದಲು ಕೊಂಕಲಿಲ್ಲ. ಬರಿಗೈಯಲ್ಲಿ ಹೊರಬರಬಾರದೆಂಬ ಮನಸ್ಸಿಗೆ ಎಷ್ಟು ಚಿಕ್ಕ ವಸ್ತು ಸಾಕಾಯಿತು ನೋಡಿ.

ಅದೇ ತಿಂಗಳ 28ರಂದು ಟೆಕ್ಸಾಸ್‌ನ ವೇಕೋದಲ್ಲಿ ಬ್ರಾಂಚ್ ಡೇವಿಡಿಯನ್ ಎಂಬ ಪಂಥದ ನೆಲೆಯ ಮೇಲೆ ನಡೆದ ದಾಳಿಯಲ್ಲಿ ನಾಲ್ವರು ಸರ್ಕಾರಿ ಏಜೆಂಟರೂ ಪಂಥದ ಆರು ಮಂದಿಯೂ ಸತ್ತು, 51 ದಿನಗಳ ಮುತ್ತಿಗೆ ಶುರುವಾಯಿತು. ಗ್ಯಾರಿ ನೋಯೆಸ್ನರ್ ನೇತೃತ್ವದ ಎಫ್‌ಬಿಐ ಸಂಧಾನ ತಂಡದ ಮಾತಿನಿಂದ ಒಟ್ಟು 35 ಮಂದಿ ಹೊರಬಂದರು, ಅವರಲ್ಲಿ 21 ಮಕ್ಕಳು. ಆದರೆ ಮುತ್ತಿಗೆಯ ಉಸ್ತುವಾರಿ ಹೊತ್ತವರ ಯೋಚನೆ ಬೇರೆ ಇತ್ತು. ಮಾರ್ಚ್ 12ರಂದು ಇಬ್ಬರು ಹೊರಬಂದರು. ಅಂದೇ ರಾತ್ರಿ ಒಳಗಿನ ವಿದ್ಯುತ್ ಕಡಿತವಾಯಿತು. 21ರಂದು ಏಳು ಮಂದಿ ಹೊರಬಂದರು. ಅಂದೇ ರಾತ್ರಿ ಕಿವಿಗಡಚಿಕ್ಕುವ ಧ್ವನಿವರ್ಧಕ ಹಾಕಿದರು. ಮಾತು ಕೇಳಿದ್ದಕ್ಕೆ ಶಿಕ್ಷೆ ಸಿಗುವುದಾದರೆ ಒಳಗಿನವರು ಮತ್ತೆ ಮಾತು ಕೇಳುತ್ತಾರೆಯೇ? ಏಪ್ರಿಲ್ 19ರ ಬೆಂಕಿಯಲ್ಲಿ 76 ಮಂದಿ ಸತ್ತರು. ವೇಕೋದಲ್ಲಿ ಸಂಧಾನಕಾರರಿಗೆ ತರಬೇತಿ ಇತ್ತು, ಅವರ ಮೇಲಿನವರಿಗೆ ಇರಲಿಲ್ಲ. ಆ ಪಾಠ ಕಲಿತ ಮೇಲೆ, 1996ರಲ್ಲಿ ಮೊಂಟಾನಾದಲ್ಲಿ ಫ್ರೀಮೆನ್ ಗುಂಪಿನ ಮುತ್ತಿಗೆ 81 ದಿನ ಎಳೆದರೂ ಒಂದು ಗುಂಡೂ ಹಾರದೆ ಮುಗಿಯಿತು.

ತರಬೇತಿಯ ಕೊರತೆ ಎಷ್ಟು ದುಬಾರಿ ಎಂಬುದಕ್ಕೆ 2010ರ ಆಗಸ್ಟ್ 23ರ ಮನಿಲಾ ಸಾಕ್ಷಿ. ಕೆಲಸದಿಂದ ವಜಾಗೊಂಡಿದ್ದ ಪೊಲೀಸ್ ಅಧಿಕಾರಿಯೊಬ್ಬ ಹಾಂಗ್‌ಕಾಂಗ್ ಪ್ರವಾಸಿಗರ ಬಸ್ಸನ್ನು ಹಿಡಿದಿಟ್ಟುಕೊಂಡ. ಕೆಲಸ ವಾಪಸ್ ಕೊಡಿ ಎಂಬುದೇ ಅವನ ಬೇಡಿಕೆ. ಹಗಲಿಡೀ ಮಾತು ನಡೆದು ಕೆಲವರನ್ನು ಬಿಟ್ಟಿದ್ದ. ಸಂಜೆ ಅವನಿಗೆ ತಲುಪಿದ ಪತ್ರದಲ್ಲಿ ಕೆಲಸದ ಮಾತಿರಲಿಲ್ಲ, ಮರುಪರಿಶೀಲನೆಯ ಮಾತಷ್ಟೇ ಇತ್ತು. ಅಲ್ಲಿಗೆ ಬಂದ ಅವನ ತಮ್ಮನನ್ನು ಪೊಲೀಸರು ಎಳೆದೊಯ್ಯುವುದು ಬಸ್ಸಿನ ಟಿವಿಯಲ್ಲಿ ಅವನಿಗೆ ನೇರವಾಗಿ ಕಾಣಿಸಿತು. ಆ ನಿರ್ಣಾಯಕ ಹೊತ್ತಿನಲ್ಲಿ ಬಿಕ್ಕಟ್ಟು ಸಮಿತಿಯ ಮುಖ್ಯಸ್ಥರಾದ ಮೇಯರ್ ಹೋಟೆಲಿನಲ್ಲಿ ಊಟಕ್ಕೆ ಹೋಗಿದ್ದರು. ಎಂಟು ಪ್ರವಾಸಿಗರು ಸತ್ತರು.

ನೂರೆಂಟು ದಿನ

ಕನ್ನಡಿಗರಿಗೆ ಒತ್ತೆಸೆರೆ ಎಂದರೆ 2000ನೇ ಇಸವಿಯ ಜುಲೈ 30. ಗಾಜನೂರಿನ ಮನೆಯಿಂದ 71 ವರ್ಷದ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದ. ನವೆಂಬರ್ 15ರವರೆಗೆ 108 ದಿನ ನಾಡು ಉಸಿರು ಬಿಗಿಹಿಡಿದಿತ್ತು. ಆ ದಿನಗಳನ್ನು ಕಂಡವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ, ವಿವರಿಸಬೇಕಿಲ್ಲ. ನಾನು ಗಮನಿಸಬಯಸುವುದು ಮಾತು ಹೇಗೆ ಸಾಗಿತು ಎಂಬುದನ್ನು.

ಮೊದಲ ಸಂದೇಶ ಬಂದದ್ದು ಕ್ಯಾಸೆಟ್ಟಿನಲ್ಲಿ, ಅವರ ಪತ್ನಿ ಪಾರ್ವತಮ್ಮನವರ ಕೈಯಲ್ಲಿ, ನೇರವಾಗಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ. ಆಮೇಲೆ ನಕ್ಕೀರನ್ ಪತ್ರಿಕೆಯ ಗೋಪಾಲ್ ದೂತರಾಗಿ ಕಾಡಿಗೆ ಹೋಗಿ ಬಂದರು, ಕೊನೆಯ ಹಂತದಲ್ಲಿ ತಮಿಳು ನಾಯಕ ನೆಡುಮಾರನ್ ಮತ್ತಿತರರು ಸೇರಿಕೊಂಡರು. ಕ್ಯಾಸೆಟ್ಟು ಘೋಷಣೆಗೆ ಒಳ್ಳೆಯದು, ಮಾತುಕತೆಗೆ ಅಲ್ಲ. ಅದರ ಎದುರು ಹೂಂಗುಟ್ಟಲಾಗದು, ದನಿ ನಡುಗಿದಾಗ ತಡೆದು ಕೇಳಲಾಗದು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳೇ ಒಂದು ತುದಿಯಲ್ಲಿದ್ದದ್ದರಿಂದ "ಮೇಲಿನವರನ್ನು ಕೇಳಿ ಹೇಳುತ್ತೇನೆ" ಎನ್ನುವ ಜಾಗವೂ ಉಳಿದಿರಲಿಲ್ಲ. ಕಾವೇರಿ ನೀರಿನಿಂದ ಹಿಡಿದು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಬಂಧಿತರಾದ ಕೈದಿಗಳ ಬಿಡುಗಡೆಯವರೆಗಿನ ಬೇಡಿಕೆಗಳ ಪಟ್ಟಿಗೆ ಸರ್ಕಾರಗಳು ಬೇಗನೆ ತಲೆಬಾಗಿದವು.

ಆಗ "ಇಲ್ಲ" ಎಂದದ್ದು ಸುಪ್ರೀಂ ಕೋರ್ಟ್. ವೀರಪ್ಪನ್ ತಂಡದ ಕೈಯಲ್ಲಿ ಹತರಾಗಿದ್ದ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಹೋಗಿ ನ್ಯಾಯಾಲಯದ ಬಾಗಿಲು ತಟ್ಟಿದರು. ಟಾಡಾ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವ ಕ್ರಮವನ್ನು ನವೆಂಬರ್ 7ರಂದು ನ್ಯಾಯಾಲಯ ರದ್ದುಮಾಡಿತು. ಮುಖ್ಯ ಬೇಡಿಕೆಯೊಂದು ಈಡೇರುವುದಿಲ್ಲ ಎಂದು ಖಚಿತವಾದ ಎಂಟು ದಿನಕ್ಕೆ ಅಣ್ಣಾವ್ರು ಬಿಡುಗಡೆಯಾದರು. ನಡುವೆ ಹಣ ಕೊಡಲಾಯಿತೆಂದು ಆಗಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ತಮ್ಮ ಪುಸ್ತಕದಲ್ಲಿ ಆರೋಪಿಸಿದರು. ಸರ್ಕಾರ ಅದನ್ನು ಅಲ್ಲಗಳೆಯಿತು. ಆ ವಿವಾದದ ಆಚೆಗೂ ಒಂದು ಮಾತು ನಿಲ್ಲುತ್ತದೆ: ತೀರ್ಮಾನಿಸುವ ಅಧಿಕಾರ ಮಾತಾಡುವವರ ಕೈ ಮೀರಿ ಹೋದ ಮೇಲೂ ಮಾತು ಮುರಿದುಬೀಳಲಿಲ್ಲ.

ದೂತರನ್ನು ನಾನು ಹಳಿಯುತ್ತಿಲ್ಲ. ಸರ್ಕಾರ ತಲುಪಲಾಗದ ಕಡೆ ಅವರು ತಲುಪಿದರು. 2011ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲಾಧಿಕಾರಿ ವಿನೀಲ್ ಕೃಷ್ಣ, 2012ರಲ್ಲಿ ಛತ್ತೀಸಗಢದ ಸುಕ್ಮಾ ಜಿಲ್ಲಾಧಿಕಾರಿ ಅಲೆಕ್ಸ್ ಪಾಲ್ ಮೆನನ್ ಮಾವೋವಾದಿಗಳ ಸೆರೆಯಿಂದ ಬಿಡುಗಡೆಯಾದದ್ದು ಪ್ರೊ. ಹರಗೋಪಾಲ್ ಅವರಂಥ ಮಧ್ಯಸ್ಥರಿಂದ. ಆದರೆ ಮಧ್ಯಸ್ಥರು ಎರಡೂ ಕಡೆಯ ನಡುವೆ ನಿಲ್ಲುವವರು. ಸಂಧಾನಕಾರ ಸರ್ಕಾರದ ದನಿ. ಅವನ ಪ್ರತಿ ಮಾತಿಗೂ ದಾಖಲೆ ಇದೆ, ಹೊಣೆ ಇದೆ. ಮಧ್ಯಸ್ಥರು ಸಿಗುವುದು ಅದೃಷ್ಟ. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಇದೇ ವೀರಪ್ಪನ್ ಅಪಹರಿಸಿದ ಮಾಜಿ ಸಚಿವ ಎಚ್. ನಾಗಪ್ಪನವರಿಗೆ ಆ ಅದೃಷ್ಟ ಇರಲಿಲ್ಲ. ರಾಜ್‌ಕುಮಾರ್ ಸೆರೆಯಲ್ಲಿದ್ದಷ್ಟೇ, ಸುಮಾರು ಅಷ್ಟೇ ದಿನಗಳ ನಂತರ, ಡಿಸೆಂಬರ್ 8ರಂದು ಅವರು ಶವವಾಗಿ ಸಿಕ್ಕರು.

ಅಪಹರಣಕ್ಕೊಳಗಾದ ಐಸಿ 814 ವಿಮಾನದ ಕಥೆಯಲ್ಲೂ ಎರಡು ಭಾಗಗಳಿವೆ. 1999ರ ಡಿಸೆಂಬರ್ 24ರಂದು ಅದು ಅಮೃತಸರದಲ್ಲಿ ಮುಕ್ಕಾಲು ಗಂಟೆಯಷ್ಟು ನಿಂತಿದ್ದಾಗ ದೆಹಲಿಯ ತೀರ್ಮಾನ ತಲುಪಲೇ ಇಲ್ಲ, ವಿಮಾನ ಹಾರಿಹೋಯಿತು. ಕಂದಹಾರಿನಲ್ಲಿ ಮಾತಿಗೆ ಕೂತ ಭಾರತದ ಅಧಿಕಾರಿಗಳು 36 ಉಗ್ರರ ಬಿಡುಗಡೆ ಮತ್ತು 20 ಕೋಟಿ ಡಾಲರ್ ಎಂದಿದ್ದ ಬೇಡಿಕೆಯನ್ನು ಮೂವರಿಗೆ ಇಳಿಸಿದರು. ಆ ಮೂವರಲ್ಲಿ ಮಸೂದ್ ಅಜರ್ ಇದ್ದ, ಅದರ ಬೆಲೆ ದೇಶ ಇನ್ನೂ ತೆರುತ್ತಿದೆ. ಮಾತಾಡುವವರು ತಮ್ಮ ಕೆಲಸ ಮಾಡಿದರು; ತೀರ್ಮಾನಿಸುವವರು ಮೊದಲ ದಿನವೇ ತಡಮಾಡಿದ್ದರು.

ಎರಡು ಆಕ್ಷೇಪಗಳು

ಕೊಲೆಗಾರರ ಜೊತೆ ಮಾತಾಡುವುದೇ ಸೋಲಲ್ಲವೇ ಎಂದು ಕೇಳುವವರಿದ್ದಾರೆ. ಮಾತಾಡುವುದು ಬೇರೆ, ಮಣಿಯುವುದು ಬೇರೆ. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ ಆರು ಬಂದೂಕುಧಾರಿಗಳು 26 ಮಂದಿಯನ್ನು ಹಿಡಿದಿದ್ದರು. ಆರು ದಿನಗಳ ಮಾತಿನಲ್ಲಿ ಐವರು ಹೊರಬಂದರು, ಒಳಗಿನ ನಕ್ಷೆ, ಆಯುಧ, ಮನಃಸ್ಥಿತಿ ಎಲ್ಲ ತಿಳಿಯಿತು. ಒಬ್ಬ ಒತ್ತೆಯಾಳನ್ನು ಕೊಂದು ಶವ ಹೊರಗೆ ಎಸೆದ ಮೇಲಷ್ಟೇ ಕಮಾಂಡೊಗಳು ಒಳಹೊಕ್ಕರು. ಆಗಲೂ ಸಂಧಾನಕಾರ ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಮಾತಿನ ಸಿದ್ಧತೆಯೂ ಬಲದ ಸಿದ್ಧತೆಯೂ ಒಟ್ಟಿಗೇ ಸಾಗಬೇಕು. ಆದರೆ ಆ ಸಂಧಾನಕಾರನಂತೆ ತನ್ನ ದನಿಯಿಂದಲೇ ಒಬ್ಬನನ್ನು ಸಾವಿನ ಹೊಸ್ತಿಲಲ್ಲಿ ಹಿಡಿದು ನಿಲ್ಲಿಸಿದವನು ಆಮೇಲೆ ಆ ನೆನಪಿನ ಜೊತೆ ಬದುಕಬೇಕು. ತರಬೇತಿಯಲ್ಲಿ ಸಂಧಾನಕಾರರ ಮಾನಸಿಕ ಆರೈಕೆಗೂ ಜಾಗ ಇರುವುದು ಅದಕ್ಕೇ.

ಎರಡನೆಯ ಆಕ್ಷೇಪ: ಸಾಯಲೆಂದೇ ಬಂದವರ ಎದುರು ಇದೆಲ್ಲ ನಡೆಯುವುದೇ? ಮುಂಬೈಯ 26/11ರಂಥ ದಾಳಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಒತ್ತೆ ಎಂಬುದು ಕೊಲೆಯನ್ನು ಲಂಬಿಸುವ ನೆಪ ಮಾತ್ರ. ಯಾವ ಬಾಗಿಲ ಎದುರು ಮಾತು ನಡೆಯುವುದಿಲ್ಲ ಎಂದು ಬೇಗ ಗುರುತಿಸುವುದೂ ತರಬೇತಿಯ ಭಾಗವೇ. ಆದರೆ ಅಂಥ ಅಪರೂಪದ ದಾಳಿಯನ್ನೇ ಮುಂದಿಟ್ಟುಕೊಂಡು ದಿನನಿತ್ಯದ ಬಾಗಿಲುಗಳನ್ನು ಒಡೆಯಲಾಗದು.

ನಮ್ಮ ಠಾಣೆಗಳಿಗೆ

2020ರ ಜನವರಿ 30ರಂದು ಉತ್ತರಪ್ರದೇಶದ ಫರೂಕಾಬಾದ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಗಳ ಹುಟ್ಟುಹಬ್ಬವೆಂದು ಕರೆದು ಊರಿನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಒಬ್ಬ ಒಳಗೆ ಹಾಕಿಕೊಂಡ. ಸ್ಥಳೀಯ ಶಾಸಕರನ್ನು ಕರೆಸಿ ಎಂದು ಪಟ್ಟುಹಿಡಿದ. ರಾತ್ರಿ ಪೊಲೀಸರು ಅವನನ್ನು ಕೊಂದರು, ಮಕ್ಕಳೆಲ್ಲ ಬದುಕಿದರು. ಆದರೆ ಹೊರಗೆ ನೆರೆದ ಜನ ಅವನ ಹೆಂಡತಿಯನ್ನು ಹೊಡೆದರು, ಆಕೆ ಸತ್ತಳು. ಸುತ್ತ ಹಗ್ಗ ಕಟ್ಟಿ ಜನರನ್ನೂ ಕ್ಯಾಮೆರಾವನ್ನೂ ದೂರ ಇಡುವುದು ಮಾತಿನಷ್ಟೇ ಮುಖ್ಯ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನಮ್ಮಲ್ಲಿ ಇಂಥ ದೊಡ್ಡ ಘಟನೆ ದಿನಾ ಆಗುವುದಿಲ್ಲ. ಆದರೆ ಟವರ್ ಏರುವವರು, ನೀರಿನ ಟ್ಯಾಂಕ್ ಹತ್ತುವವರು, ಸೀಮೆಎಣ್ಣೆ ಸುರಿದುಕೊಂಡು ಕಚೇರಿ ಮುಂದೆ ನಿಲ್ಲುವವರು, ಮಕ್ಕಳೊಂದಿಗೆ ಬಾಗಿಲು ಹಾಕಿಕೊಳ್ಳುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. 112ಕ್ಕೆ ಕರೆ ಬಂದಾಗ ಮೊದಲು ತಲುಪುವವರು ಹೊಯ್ಸಳ ಗಾಡಿಯ ಇಬ್ಬರು. ತರಬೇತಿ ಬೇಕಾಗಿರುವುದು ಮೊದಲು ಅವರಿಗೆ.

ಇದಕ್ಕೆ ಹೊಸ ಹುದ್ದೆ ಬೇಕಿಲ್ಲ. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಸಂಧಾನಕಾರರಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡುತ್ತಲೇ ಕರೆ ಬಂದಾಗ ಹೋಗುವವರು. ನಮ್ಮ ಜಿಲ್ಲೆಗೊಂದು ಸಣ್ಣ ತಂಡ ಸಾಕು. ಅದರಲ್ಲಿ ಎಎಸ್‌ಐ, ಹೆಡ್ ಕಾನ್‌ಸ್ಟೇಬಲ್‌ಗಳಿರಲಿ, ಮಹಿಳೆಯರು ಇರಲೇಬೇಕು. ಕಲಬುರಗಿಯಲ್ಲಿ ಆ ಕಡೆಯ ಕನ್ನಡ ಮತ್ತು ಉರ್ದು, ಮಂಗಳೂರಿನಲ್ಲಿ ತುಳು ಮತ್ತು ಬ್ಯಾರಿ, ಗಡಿಯಲ್ಲಿ ಮರಾಠಿ, ತೆಲುಗು, ತಮಿಳು ಬಲ್ಲವರು ಬೇಕು. ಸಂಕಟದಲ್ಲಿರುವವನು ಮಾತಾಡುವುದು ಮನೆಮಾತಿನಲ್ಲಿ. ಮೈಸೂರಿನ ಪೊಲೀಸ್ ಅಕಾಡೆಮಿಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಕನ್ನಡದಲ್ಲೇ ಪಾಠ ರೂಪಿಸಿದರೆ ದೇಶಕ್ಕೇ ಮಾದರಿಯಾದೀತು. ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಬೆನ್ನೆಲುಬಾಗಿರುವುದೂ ಇದೇ ನಿಮ್ಹಾನ್ಸ್.

ಅದರ ಜೊತೆಗೇ ಎಸ್‌ಪಿ, ಜಿಲ್ಲಾಧಿಕಾರಿ, ಶಾಸಕರಿಗೂ ಒಂದು ದಿನದ ತರಬೇತಿ ಆಗಬೇಕು. ಅದರಲ್ಲಿ ಕಲಿಸಬೇಕಾದದ್ದು ಮೂರೇ ಸಂಗತಿ: ಫೋನ್ ಹಿಡಿಯಬೇಡಿ, ಕ್ಯಾಮೆರಾ ಮುಂದೆ ಭರವಸೆ ಕೊಡಬೇಡಿ, ಮಾತಾಡುತ್ತಿರುವ ಹೆಡ್ ಕಾನ್‌ಸ್ಟೇಬಲ್ ಇನ್ನೂ ಎರಡು ಗಂಟೆ ಬೇಕು ಎಂದರೆ ಕೊಡಿ. ಇದು ಕೇಳಲು ಸುಲಭ. ವೇಕೋದಲ್ಲಿ ಅದು ಆಗಲಿಲ್ಲ, ಮನಿಲಾದಲ್ಲಿ ಆಗಲಿಲ್ಲ. ತನಗಿಂತ ಕೆಳಗಿನ ದರ್ಜೆಯವರ ತಾಳ್ಮೆಗೆ ಮೇಲಿನವರು ಕಾವಲು ನಿಲ್ಲಲು ಒಪ್ಪಿದ ಕಡೆ ಮಾತ್ರ ಈ ತರಬೇತಿಗೆ ಫಲ ಸಿಕ್ಕಿದೆ. ನಮ್ಮ ಸರ್ಕಾರ ಈ ವಿದ್ಯೆಗೆ ಹಣ ಮಂಜೂರು ಮಾಡುವ ದಿನ, ಈ ಒಪ್ಪಿಗೆಯನ್ನೂ ಸುತ್ತೋಲೆಯಲ್ಲಿ ಬರೆದುಕೊಡಲಿ ಎಂಬುದು ನನ್ನ ಕೋರಿಕೆ.